ಮೂರನೆಯ ಪಂಜರ

ಮೇಣದಲ್ಲಿ ಹುಗಿದ ಯಕೃತ್ತಿನ ತುಣುಕನ್ನು
ಐದು ಮೈಕ್ರಾನಿಗೆ ಹೆರೆಯುವುದು ನನ್ನ ಕೆಲಸ.
ಹಿಡಿಕೆ ತಿರುಗಿಸಿದರೆ ರಿಬ್ಬನ್ನಿನ ಹಾಗೆ ಇಳಿಯುತ್ತದೆ,
ಉಗುರುಬೆಚ್ಚಗಿನ ನೀರಿಗೆ ಬಿಟ್ಟರೆ
ಹಾಲಿನ ಕೆನೆಯಂತೆ ಹರಡಿಕೊಳ್ಳುತ್ತದೆ.
ಉಸಿರು ಬಿಗಿಹಿಡಿದು ಗಾಜಿನ ಮೇಲೆ ಎತ್ತಿಕೊಳ್ಳಬೇಕು.
ಸೀನಿದರೆ ಒಂದು ಇಲಿಯ ಸಾವು ದಂಡ.

ಧನಕವಡಿಯ ಗುಡ್ಡದ ಬುಡಕ್ಕೆ ನಮ್ಮ ಲ್ಯಾಬು.
ನಾಲ್ಕು ಪಂಜರ, ಪಂಜರಕ್ಕೆ ಆರು ಇಲಿ.
ಒಂದಕ್ಕೆ ಬರಿ ನೀರು.
ಎರಡಕ್ಕೆ ಹಳದಿ ಬಣ್ಣ.
ಮೂರಕ್ಕೆ ಬಣ್ಣ, ಬೆನ್ನಿಗೇ ಸಿ ಜೀವಸತ್ವ.
ನಾಲ್ಕಕ್ಕೆ ಬಣ್ಣದ ಜೊತೆ
ಶೇಂಗಾ ಎಣ್ಣೆಯಲ್ಲಿ ಕಲಸಿದ ಇ.

ಆ ಹಳದಿ ನನಗೆ ಹೊಸದಲ್ಲ.
ಅದೇ ಡಬ್ಬಿ, ಅದೇ ಮೊಹರು
ತಮ್ಮ ಸಿದ್ರಾಮನ ಗೋಲಾ ಗಾಡಿಯ ಕೆಳಗೂ ಇದೆ.
ಸಾರಸಬಾಗಿನ ಗೇಟಿನಲ್ಲಿ ಸಂಜೆ ನಾಲ್ಕರಿಂದ
ಐಸು ಹೆರೆಯುತ್ತಾನೆ ಅವನು,
ನಾನು ಹೆರೆದ ಹಾಗೇ, ಬ್ಲೇಡಿನ ಮೇಲೆ ಕಣ್ಣಿಟ್ಟು.
ಮಣಿಕಟ್ಟಿನವರೆಗೆ ಹಳದಿ.
ಲಗ್ನವಾಗಿ ಒಂಬತ್ತು ವರ್ಷವಾಯಿತು,
ಅರಿಶಿನ ಇನ್ನೂ ಬಿಟ್ಟಿಲ್ಲ ನೋಡಿ
ಎಂದು ಗಿರಾಕಿಗಳು ನಗುತ್ತಾರೆ.

ಸಿ-ಯನ್ನು ದಿನಾ ಬೆಳಿಗ್ಗೆ ಹೊಸದಾಗಿ ಕರಗಿಸಬೇಕು.
ನಿನ್ನೆಯದು ನಡೆಯದು.
ರಾತ್ರಿ ಶೀಶೆಯಲ್ಲಿ ಉಳಿದದ್ದು
ಬೆಳಗಾಗುವುದರೊಳಗೆ ತಾನೂ ಹಳದಿ ತಿರುಗಿರುತ್ತದೆ.
ಬೇರೆಯವರಿಗೆ ತಗುಲಬೇಕಾದ ಕಿಚ್ಚಿಗೆ
ಮುಂದೆ ಹೋಗಿ ನಿಂತು ಬೇಯುವುದೇ
ಅದರ ಕಸುಬು, ಎಂದರು ಕೇತ್ಕರ್ ಬಾಯಿ.
ಆಗ ನನಗೆ ಅವ್ವ ನೆನಪಾಗಬೇಕಿತ್ತು.
ನೆನಪಾದದ್ದು ಅವಳ ಮಸಿಅರಿವೆ,
ಕುದಿವ ಗಡಿಗೆ ಇಳಿಸಿ ಇಳಿಸಿ
ಅಂಚೆಲ್ಲ ಸುಟ್ಟದ್ದು.

ನಲವತ್ತಾರನೆಯ ದಿನ ಮುಗಿಸಿದೆವು.
ಎಲ್ಲವನ್ನೂ. ಮೂರನೆಯ ಪಂಜರವನ್ನೂ.
ಉಳಿಸಿದೆವೋ ಇಲ್ಲವೋ ನೋಡಲು
ಕೊಯ್ಯಲೇಬೇಕು.
ಬಾಲಕ್ಕೆ ಎರಡು ಗೀರಿನ ಗುರುತಿದ್ದ ಒಂದು ಹೆಣ್ಣು
ಕೊಳವೆ ಕಂಡರೆ ತಾನೇ ಬಾಯಿ ತೆರೆಯುತ್ತಿತ್ತು.
ಅಂದೂ ತೆರೆಯಿತು.

ಹೆರೆದದ್ದಕ್ಕೆ ಈಗ ಬಣ್ಣ ಹಾಕಬೇಕು.
ಹಾಕದಿದ್ದರೆ ಗಾಜಿನ ಮೇಲೆ ಏನೂ ಇಲ್ಲ, ಬರಿ ತೇವದ ಕಲೆ.
ಬಣ್ಣ ಮಾಡಿದ ಕೇಡು ಕಾಣಲೂ
ಬಣ್ಣವೇ ಬೇಕು:
ಮೊದಲು ನೀಲಿ, ಆಮೇಲೆ ಗುಲಾಬಿ.
ಎರಡನೆಯ ಪಂಜರದ ಜೀವಕೋಶ ಉಬ್ಬಿ, ಸಾಲು ತಪ್ಪಿ,
ರಾತ್ರಿ ಹತ್ತರ ಮಂಡಯಿ.
ನಾಲ್ಕರದ್ದು ಪರವಾಗಿಲ್ಲ.
ಮೂರರಲ್ಲಿ ನಡುವಿನ ನಾಳದ ಸುತ್ತ
ಪಂಕ್ತಿಗೆ ಕೂತ ಹಾಗೆ ಕೂತಿದ್ದವು,
ಅಲ್ಲೊಂದು ಇಲ್ಲೊಂದು ಎಲೆ ಮಾತ್ರ ಖಾಲಿ.
ಪೂರ್ತಿ ಅಲ್ಲ, ಗಣನೀಯ,
ಎಂದು ಬರೆದುಕೊಂಡರು ಬಾಯಿ.

ರಾತ್ರಿ ಗಾಡಿ ಎಳೆದುಕೊಂಡು ಬಂದು ಸಿದ್ರಾಮ ಕೇಳಿದ:
'ಅಕ್ಕಾ, ಖರೇ ಹೇಳು, ಇದು ಇಷ ಐತೇನು?'
ಇಲಿಗೆ ಹಾಕಿದ್ದು
ಕೂಸು ನೆಕ್ಕುವುದಕ್ಕಿಂತ ಎಷ್ಟೋ ಪಾಲು ಹೆಚ್ಚು,
ಇಲಿ ಕೂಸಲ್ಲ, ಇಪ್ಪತ್ನಾಲ್ಕು ಇಲಿ ಪುಣೆಯಲ್ಲ.
ಹೇಳಬೇಕಾದದ್ದು ಇಷ್ಟು. ಹೇಳಿದೆ ಕೂಡ.
'ಅಂದ್ರ ಹೌದೋ, ಅಲ್ಲೋ?'
'ಚಮಚಾ ಸಣ್ಣದು ತಗೋ' ಅಂದೆ.
ನನ್ನ ಉಗುರ ಸಂದಿಯಲ್ಲಿ ಗುಲಾಬಿ ಇತ್ತು,
ಅವನದರಲ್ಲಿ ಹಳದಿ.
ಒಂದೇ ಸಾಬೂನಿನಲ್ಲಿ ಕೈ ತೊಳೆದು ಉಂಡೆವು.

ವಾರದ ಮೇಲೆ ಬಸ್ಸಿಳಿದು ಹೋಗಿ ನೋಡಿದರೆ
ಬಾಟಲಿಯ ಹಳದಿ ತುಸು ತೆಳುವಾಗಿತ್ತು.
ಪಕ್ಕಕ್ಕೊಂದು ಶೀಶೆ, ನೆಲ್ಲಿಕಾಯಿ ರಸ,
ಕೆರೆಯ ನೀರಿನ ಬಣ್ಣದ್ದು.
ಒಂದು ಕೂಸೂ ಅದಕ್ಕೆ ಬೆರಳು ಮಾಡಲಿಲ್ಲ.
ಸಿದ್ರಾಮ ಯಾರನ್ನೂ ಕೇಳದೆ
ಪ್ರತಿ ಹಳದಿ ಗೋಲಾದ ನೆತ್ತಿಗೆ
ನಾಲ್ಕು ಹನಿ ಚಿಮುಕಿಸಿ ಕೊಡುತ್ತಿದ್ದ.
ನನ್ನ ಮುಖ ನೋಡಿ
'ಇವತ್ತಿಂದ ಐತಿ, ನಿನ್ನೀದಲ್ಲ' ಅಂದ.

ಕೂಸು ಮುಖ ಕಿವುಚಿತು.
ಮತ್ತೆ ನೆಕ್ಕಿತು.