ಗಾಬೋಳಿ

ಆರೂ ಹದಿನೈದರ ಅಂಕೋಲೆ ಬಸ್ಸಿಗೆ ನಾನು ಕಂಡಕ್ಟರು.
ಐದಕ್ಕೇ ಎದ್ದು, ಬಚ್ಚಲ ಬಲ್ಬಿನಡಿ ಕುತ್ತಿಗೆ ಎತ್ತಿ
ಗದ್ದದ ಕೆಳಗೆ ಬೆರಳಾಡಿಸುತ್ತೇನೆ:
ನಿನ್ನೆ ಕಿತ್ತ ಜಾಗದಲ್ಲೇ
ಮತ್ತೆ ಮೂರು. ತಡಿ, ನಾಲ್ಕು.
ಚಿಮುಟ ಕಚ್ಚಿದಾಗೆಲ್ಲ ಕಣ್ಣಲ್ಲಿ ನೀರು;
ಗದ್ದಕ್ಕೂ ಕಣ್ಣಿಗೂ ಒಳಗೊಳಗೇ ಏನೋ ನಂಟು.

ಖಾಕಿ ಅಂಗಿ. ಎದೆಯ ಬಿಲ್ಲೆಯಲ್ಲಿ ಹೆಸರು: ರುಕ್ಮಾ ತಾಂಡೇಲ.
ಬಿಣಗಾದಲ್ಲಿ ಒಬ್ಬ ಮುದುಕ ಹತ್ತಿ
‘ತಮ್ಮಾ, ಅಮದಳ್ಳಿಗೊಂದು’ ಎಂದ.
ಟಿಕೆಟ್ ಕೊಡುವಾಗ ಬಳೆ ಕಂಡು
ನಾಲಿಗೆ ಕಚ್ಚಿಕೊಂಡ.
ಪಾಪ, ಪೊರೆ ಬಂದ ಕಣ್ಣು.
ಅರಗಾ ದಾಟುವವರೆಗೂ ಮಾತ್ರ
ನನ್ನ ಚಿಲ್ಲರೆ ಲೆಕ್ಕ ತಪ್ಪುತ್ತಲೇ ಇತ್ತು.

ಕಾರವಾರದ ಸ್ಕ್ಯಾನಿಂಗ್ ಕೋಣೆ, ಮಂಜುಗಡ್ಡೆ ಪೆಟ್ಟಿಗೆಯ ತಂಪು.
ಹೊಟ್ಟೆಗೆ ಲೋಳೆ ಬಳಿದು
ಡಾಕ್ಟರಮ್ಮ ಪರದೆ ತಿರುಗಿಸಿದರು:
‘ನೋಡಿ, ಅಂಡಾಶಯದ ಅಂಚಿಗೆ ಸಣ್ಣ ಸಣ್ಣ ಗುಳ್ಳೆ,
ಮುತ್ತಿನ ಸರದ ಹಾಗೆ.
ಗಂಡಸರ ಹಾರ್ಮೋನು ಒಂಚೂರು ಹೆಚ್ಚಾಗಿದೆ.
ಹೆದರಬೇಡಿ, ಮಾತ್ರೆ ಬಿಡಬೇಡಿ.
ಕೂದಲಿಗೆ ಟೈಮು ಹಿಡಿಯುತ್ತದೆ.’

ಮುತ್ತಿನ ಸರ!
ನಾಲ್ಕು ತಿಂಗಳಿಂದ ಮುಟ್ಟಾಗದ ಮೈಗೆ
ಯಾರಿಗೂ ಕಾಣದ ಆಭರಣ.
ಹೊನ್ನಾವರದಿಂದ ಬಂದವರು ಕೇಳಿದ್ದೂ ಸರವನ್ನೇ;
ನನ್ನ ಮೇಲ್ತುಟಿ ನೋಡಿ, ಪರಸ್ಪರ ಮುಖ ನೋಡಿ,
‘ಹಾಗಾದ್ರೆ ಇನ್ನೊಂದೆಳೆ ಹೆಚ್ಚಿಗೆ ಆಗ್ಲಿ’ ಅಂದಿದ್ದರು.
ಈ ರಿಪೋರ್ಟು ಅವರಿಗೆ ಕಳಿಸಲೇ ಎಂದು
ಬಸ್‌ಸ್ಟ್ಯಾಂಡಿನಲ್ಲಿ ನಿಂತು ಒಬ್ಬಳೇ ನಕ್ಕೆ.

ಆಯಿ ಹಿತ್ತಿಲಲ್ಲಿ ಬಂಗಡೆ ಸೀಳುತ್ತಿದ್ದಳು.
ಹೇಳಿದೆ. ಕೈ ನಿಲ್ಲಲಿಲ್ಲ.
ಒಂದರ ಹೊಟ್ಟೆಯಿಂದ ಗಾಬೋಳಿ ಜಾರಿತು,
ಹಳದಿ, ಜೋಡಿ, ಒಳಗೆಲ್ಲ ಮೊಟ್ಟೆ, ರಾಗಿಗಿಂತ ಸಣ್ಣ.
ಅಂಗೈಲಿಟ್ಟು ಬೆಳಕಿಗೆ ಹಿಡಿದಳು:
‘ಹಿಂಗಿತ್ತೇನೇ?’
‘ಹಿಂಗೇ. ಆದ್ರೆ ಕಪ್ಪುಬಿಳುಪು.’
‘ಗಾಬೋಳಿ ಇದ್ದ ಮೀನಿಗೆ ನಾ ಹತ್ತು ರೂಪಾಯಿ ಜಾಸ್ತಿ ತಕಂತೆ.
ನಿಂಗೆ ಯಾಕೆ ಕಮ್ಮಿ ಮಾಡ್ಬೇಕು?’

ಮತ್ತೆ ಆ ವಿಷಯ ಎತ್ತಲಿಲ್ಲ.
ರಾತ್ರಿ ಅದನ್ನೇ ಹುರಿದು ನನ್ನ ತಟ್ಟೆಗೆ ಹಾಕಿದಳು.
‘ಎಣ್ಣೆ ಬೇಡ ಅಂದಾರೆ ಡಾಕ್ಟರು.’
‘ಅವ್ರು ಬರ್ಲಿ, ಅವ್ರಿಗೂ ಹಾಕ್ತೆ.’

ಬೆಳಿಗ್ಗೆ ಐದು. ಬಲ್ಬು. ಕನ್ನಡಿ.
ಚಿಮುಟ ಎಲ್ಲಿಟ್ಟೆನೋ ನೆನಪಿಲ್ಲ.
ಗೂಡು ತಡಕಿದೆ, ಸೋಪಿನ ಡಬ್ಬಿ ತಡಕಿದೆ,
ಡ್ರೈವರ್ ಪೀಟರಣ್ಣನ ಫೋನು ಎರಡು ಸಲ ಬಡಕೊಂಡಿತು.
ಹೊರಟುಬಿಟ್ಟೆ.

ಅಂದು
ನಾಲ್ಕು ಕೂದಲು ಟಿಕೆಟ್ಟಿಲ್ಲದೆ
ಅಂಕೋಲೆಗೆ ಹೋಗಿ ಬಂದವು.