ಲೆಕ್ಕಕ್ಕ ಸಿಗಲಾರದವು

ಬಾಗಲಕೋಟಿ ನವನಗರ,
ಔಷಧ ಅಂಗಡಿ ಮ್ಯಾಲಿನ ನನ್ನ ಲ್ಯಾಬು.
ಮಷಿನ್ ಹೇಳತೈತಿ: ಪ್ಲೇಟ್ಲೆಟ್ ಹದಿನೆಂಟು ಸಾವಿರ.
ಇದರ ಮಾತು ನಂಬಿ
ಮೂರು ವರ್ಷ ಈ ಹುಡುಗಿಗೆ ಗುಳಿಗಿ ನುಂಗಿಸ್ಯಾರ,
ಮಾರಿ ಹುಣ್ಣಿವಿ ಚಂದ್ರನಂಗ ಬಾತೈತಿ,
ಮೂಗಿನ ರಕ್ತ ಮಾತ್ರ ನಿಂತಿಲ್ಲ.

ಗಾಜಿನ ಮ್ಯಾಲೆ ಒಂದು ಹನಿ ಎಳದೆ,
ಬಣ್ಣ ಹಾಕಿ, ಒಣಗಿಸಿ, ಕಣ್ಣಿಟ್ಟೆ.
ಸಾಸಿವಿ ಇರಬೇಕಾದಲ್ಲಿ
ಜ್ವಾಳ.
ಕೆಂಪು ಕಣದಷ್ಟ ದಪ್ಪ ಒಂದೊಂದು,
ನೇರಳಿ ಮೈ, ಒಳಗ ನುಚ್ಚು ಚೆಲ್ಲಿದಂಗ.
ಮಷಿನ್ನಿನ ಜರಡಿ ಸಣ್ಣದು;
ಇಷ್ಟು ದೊಡ್ಡವು ಇವಲ್ಲ ಅಂತ
ಪಕ್ಕದ ರಾಶಿಗೆ ನೂಕೇತಿ.

ಹೊರಗ ಬೆಂಚಿನ ಮ್ಯಾಲೆ ಬನ್ನವ್ವ.
ಹನ್ನೆರಡು ತುಂಬಿಲ್ಲ.
ದೊಡ್ಡಾಕಿ ಆಗಿ ಇಪ್ಪತ್ತು ದಿನ, ಇನ್ನೂ ಹೋಗತೈತಿ.
ಅವ್ವ ಶಾರವ್ವ, ಗುಳೇದಗುಡ್ಡದ ಖಣ ನೇಯೂ ಮನಿಯಾಕಿ.
ಮದುವಿ ಯಾರ ಜೋಡಿ ಅಂತ ಕೇಳಿದೆ.
"ಸ್ವಾದರಮಾವ. ನಮ್ಮವ್ವನ ತಮ್ಮ.
ಹೊರಗ ಯಾಕ ಹುಡಕಬೇಕ್ರಿ?"

ಹ್ಯಾಂಗ ಹೇಳಲಿ.
ಆ ಬರಹ ಮೈಯಾಗ ಎಲ್ಲಾ ಕಡೆ ಐತಿ,
ಉಗುರಿನಾಗ, ರೆಪ್ಪಿಯಾಗ, ನಾಲಿಗಿ ತುದಿಯಾಗ;
ಅಲ್ಲಿ ಯಾರೂ ಬಿಚ್ಚಿ ಓದೂದಿಲ್ಲ.
ಎಲುಬಿನ ಒಳಗಿನ ನೆಣದಾಗ ಮಾತ್ರ
ಹಗಲು ರಾತ್ರಿ ಓದು.
ಓದಕೋತ ಓದಕೋತ
ಇರಬಾರದ ಜಾಗಾದಾಗ ಒಂದು ಪೂರ್ಣವಿರಾಮ.
ಮಾತು ಅಲ್ಲಿಗೇ ತುಂಡು.
ಗಾಯದ ಅಂಚು ಹಿಡಿಯೂ ಕೈ
ಹುಟ್ಟೂದ ಇಲ್ಲ.
ಅವ್ವನ ಕಡೆ ಒಂದು ಪ್ರತಿ ಸರಿ, ಒಂದು ತಪ್ಪು.
ಅಪ್ಪನ ಕಡೆನೂ ಹಂಗ.
ಒಬ್ಬಾಕಿ ಮುದುಕಿಯ ಗಂಟು
ಎರಡು ದಾರಿ ಹಿಡದು ಬಂದು
ಈ ಕೂಸಿನ ಉಡಿ ತುಂಬೇತಿ.

ಶಾರವ್ವನ್ನ ಒಳಗ ಕರದೆ. ನೋಡ್ರಿ ಅಂದೆ.
ಎಳಿ ಎಣಿಸಿ ಪಳಗಿದ ಕಣ್ಣು
ಮಸೂರದಾಗ ಬಾಳ ಹೊತ್ತು ನಿಂತಿತು.
"ಹುರಿ ಸಾಲದ ನೂಲು ಇದ್ದಂಗ ಅದಾವಲ್ರಿ.
ನೋಡಾಕ ದಪ್ಪ,
ಗಂಟು ಹಾಕಿದರ ನಿಲ್ಲಂಗಿಲ್ಲ."
ಆಮೇಲೆ ಸೆರಗು ಬಾಯಿಗೆ ಹಚ್ಚಿಕೊಂಡು,
"ಹುರಿ ಹಾಕಿದಾಕಿ ನಾನ ಏನ್ರಿ?"

ಅಲ್ಲ ಅಂದೆ. ಹೌದು ಅನ್ನೂದೂ ಅದರಾಗ ಇತ್ತು.
ಆಕಿಗೆ ಗೊತ್ತಾತು.

ಮಷಿನ್ನಿನ ಅಂಕಿ ಹೊಡದು ಹಾಕಿ
ಪೆನ್ನಿನಿಂದ ಬರದೆ:
ಭಾರಿ ಗಾತ್ರ; ಕಣ್ಣಲೆ ಎಣಸಬೇಕು;
ಹಲ್ಲು ಕೀಳೂ ಮುಂಚೆ, ಹೆರಿಗಿ ಮುಂಚೆ,
ಈ ಕಾಗದ ತೋರಸ್ರಿ.
ಬೆಂಗಳೂರಿಗೆ ಒಂದು ಸೀಸೆ ಕಳಸೂದೈತಿ.

ಅಷ್ಟರಾಗ ಬನ್ನವ್ವ ಸ್ಟೂಲ್ ಏರಿ ಕುಂತಾಳ,
ಒಂದು ಹೊಳ್ಳಿಗೆ ಹತ್ತಿ ತುರುಕಿಕೊಂಡು.
"ನಾನೂ ಎಣಸತೀನ್ರಿ."
ಕಟಕ್, ಕಟಕ್, ನನ್ನ ಹಳೇ ಎಣಿಕಿ ಗುಂಡಿ ಒತ್ತತಾಳ.
ಹನ್ನೊಂದು, ಹನ್ನೆರಡು...
ನಿಂತಳು.

"ಇದು ಒಂದೋ, ಎರಡೋ?"

ನೋಡಿದೆ.
ಒಂದ ಐತವ್ವಾ. ದೊಡ್ಡದೈತಿ.