ಟೋಕನ್ ೪೧೭

ಕೋಟು ನನ್ನದಲ್ಲ.
ಒಂಬತ್ತು ತಿಂಗಳಿಂದ ಯಾರೂ ಒಯ್ಯದೆ
ಮನಾಮದ ಗುದೈಬಿಯಾದಲ್ಲಿ, ನಮ್ಮ ಲಾಂಡ್ರಿಯ ಹಿಂದಿನ ಸರಳಿಗೆ
ತೂಗುತ್ತಿದ್ದ ಕಡುನೀಲಿ. ಟೋಕನ್ ೪೧೭.
ತೊಂಬತ್ತು ದಿನ ಕಳೆದರೆ ಜವಾಬ್ದಾರಿ ನಮ್ಮದಲ್ಲ
ಎಂದು ಗೋಡೆಯ ಮೇಲೆ ಮೂರು ಭಾಷೆಯಲ್ಲಿದೆ.
ಕುಞ್ಞಾಲಿಕ್ಕ ಹೇಳಿದರು: "ಹಾಕ್ಕೊಂಡು ಹೋಗು.
ಯಜಮಾನ ಸಿಕ್ಕಿದರೆ ಬಿಲ್ಲು ಕೊಟ್ಟು ಬಾ."

ಚಿತ್ರ ಮಾತ್ರ ನನ್ನದು, ಹನ್ನೊಂದು ನಿಮಿಷ.
ರಾತ್ರಿ ಶಟರ್ ಎಳೆದ ಮೇಲೆ ಫೋನಿನಲ್ಲಿ ತೆಗೆದದ್ದು,
ಯಾರೂ ಒಯ್ಯದ ಬಟ್ಟೆಗಳ ಕತೆ.
ಮಾತಿಲ್ಲ. ಇಸ್ತ್ರಿ ಉಸಿರು ಬಿಡುತ್ತದೆ, ಅಷ್ಟೆ.

ತಯಾರಿ ಅಂದರೆ ಏನು, ಯಾರನ್ನು ಕೇಳುವುದು?
ಅಂಗಿಯ ಒಂದು ತೋಳು ಮುಗಿಯುವುದರೊಳಗೆ
ಸಂಗತಿ ಹೇಳಿ ಮುಗಿಸಬೇಕೆಂದು ಲೆಕ್ಕ ಹಾಕಿದೆ.
ಇಂಗ್ಲಿಷಿಗೆ ತೋಳು ಸಾಲಲಿಲ್ಲ, ಕಾಲರಿನವರೆಗೂ ಬಂತು.
ಹಿಂದಿಯಲ್ಲಿ ಹೇಳುತ್ತ ಒಂದು ಕಫ್ ಸುಟ್ಟೆ;
ಅದು ಸಂಬಳದಲ್ಲಿ ಹೋಯಿತು.

ಟೈಪಿಂಗ್ ಸೆಂಟರಿನ ಹುಡುಗ ಐವತ್ತು ಕಾರ್ಡು ಹೊಡೆದುಕೊಟ್ಟ.
ಹೆಜಮಾಡಿಯ ವಾಮನ ಸಾಲ್ಯಾನ್
ಅವನ ಕಂಪ್ಯೂಟರಿನ ಇಂಗ್ಲಿಷಿನಲ್ಲಿ
ವುಮನ್ ಸಾಲ್ಯಾನ್ ಆಗಿದ್ದೆ.
ಎರಡು ದಿನಾರ್ ಕೊಟ್ಟಾಗಿತ್ತು. ಇರಲಿ ಎಂದೆ.

ರೂಮಿನ ಮಯ್ಯದ್ದಿ ಹೋಟೆಲಿನಲ್ಲಿ ಬಡಿಸುವವನು,
ಇಂಥ ಕೂಟ ನೂರು ಕಂಡವನು:
"ದೊಡ್ಡವರ ಹಿಂದೆ ಓಡಬೇಡ ಮಾರಾಯಾ.
ತಿಂಡಿ ಮೇಜಿನ ಕೊನೆಯಲ್ಲಿ ನಿಲ್ಲು, ಚಮಚ ಇಡುವ ಕಡೆ.
ಬಾಯಲ್ಲಿ ಸಮೋಸ ಇರುವಾಗ
ಯಾರಿಗೂ 'ಇಲ್ಲ' ಅನ್ನಲಿಕ್ಕೆ ಆಗುವುದಿಲ್ಲ."

ಬಾಗಿಲಿಗೆ ಕೆಂಪು ಹಾಸು.
ನನ್ನ ಹೆಸರಿನವನು ಮೂರು ಹೆಜ್ಜೆಗೆ ಲೋಕ ಅಳೆದನಂತೆ.
ನಮ್ಮ ಕಡೆಯವರಿಗೆ ಮಮತೆ ತುಳಿಸಿಕೊಂಡವನ ಮೇಲೆಯೇ,
ದೀಪಾವಳಿಗೆ ಗದ್ದೆಯ ಬದಿಯಲ್ಲಿ ಅವನನ್ನೇ ಕೂಗಿ ಕರೆಯುತ್ತಾರೆ.
ನಾನು ಹಾಸಿನ ಅಂಚಿಗೆ, ಬರೀ ಕಲ್ಲಿನ ಮೇಲೆ ನಡೆದು ಒಳಗೆ ಹೋದೆ.

ಒಳಗೆ ಯಾರ ಹೆಸರೂ ಗೊತ್ತಿಲ್ಲ.
ಕಾಲರುಗಳು ಗೊತ್ತು.
ಕಂಬದ ಬಳಿಯ ಬಿಳಿ ತೋಬು, ಗಂಜಿ ಜಾಸ್ತಿ ಕೇಳುವವರದು.
ಮೆಟ್ಟಿಲಿನ ಮೇಲಿನ ರೇಷ್ಮೆ, ದಾಳಿಂಬೆಯ ಕಲೆ ಮೂರು ಸಲಕ್ಕೂ ಹೋಗದ್ದು.
ಚಮಚಗಳ ಕಡೆ ಬಂದ ಲಿನನ್ ಅಂಗಿ
ನಿನ್ನೆ ಸಂಜೆ ಆರಕ್ಕೆ ನನ್ನ ಕೈಯಲ್ಲಿ ಬಿಸಿಯಾಗಿತ್ತು.
ಅದರೊಳಗೊಬ್ಬ ಮನುಷ್ಯನನ್ನು ಇವತ್ತೇ ಕಂಡದ್ದು.

ಚಿತ್ರ ಆರಿಸುವವರಂತೆ, ಬೇರೆ ಬೇರೆ ದೇಶದ ಹಬ್ಬಗಳಿಗೆ.
ತೋಳು, ಕಾಲರು, ಕಲಿತದ್ದೆಲ್ಲ ಮರೆತು
"ನಿಮ್ಮ ಎಡ ತೋಳಿನ ಕೆಳಗೆ ಹೊಲಿಗೆ ಬಿಡುತ್ತಿದೆ ಸರ್" ಅಂದೆ.
ಕೈ ಎತ್ತಿ ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿದರು.
ಚಿತ್ರ ಎಷ್ಟು ನಿಮಿಷ? ಹನ್ನೊಂದು ಎಂದೆ.
ಕಾರ್ಡು ಓದಿ ನಕ್ಕರು, ಯಾರೋ ಕರೆದರು, ಹೋದರು.

ಎರಡೂವರೆಗೆ, ಸಣ್ಣ ಹಾಲಿನಲ್ಲಿ, ಹದಿನಾಲ್ಕು ಜನ.
ಒಬ್ಬರಿಗೆ ನಿದ್ದೆ.
ಮುಗಿದ ಮೇಲೆ ನೇಪಾಳದ ಆಪರೇಟರ್ ಇಳಿದು ಬಂದ:
"ಹಬೆಯ ಶಬ್ದಕ್ಕೆ ಎರಡು ಗೆರೆ ಏರಿಸಿದೆ ದಾಜು, ಸರಿಯಾಯ್ತಾ?"
ಇಡೀ ದಿನ ನನ್ನನ್ನು ಏನಾದರೂ ಕೇಳಿದವನು ಅವನು.
ಮೆಟ್ಟಿಲ ಮೇಲೆ ಕುಳಿತು ಚಾ ಕುಡಿದೆವು, ಕತ್ತಲಾಯಿತು.

ಮಂಗಳವಾರದ ಗಂಟಿನಲ್ಲಿ ಅದೇ ಲಿನನ್.
ಒಗೆಯುವ ಮೊದಲು ಜೇಬು ನೋಡುವುದು ಕಸುಬು.
ವುಮನ್ ಸಾಲ್ಯಾನ್ ಮಡಚಿಕೊಂಡು ಮಲಗಿದ್ದಳು,
ಬೆನ್ನ ಮೇಲೆ ಪೆನ್ಸಿಲಿನ ಅರಬಿ.
ಕುಞ್ಞಾಲಿಕ್ಕ ಕನ್ನಡಕ ಏರಿಸಿ ಓದಿದರು:
ಪುದೀನಾ. ಖುಬೂಸು. ಬಲ್ಬು.
ಕೊನೆಯದನ್ನು ನಾನೇ ಓದಿದೆ, ಟೋಕನ್ ಬರೆದು ರೂಢಿ.
ಪಕ್ಕಪಕ್ಕ ನಿಂತ ಎರಡು ಗೀಟು. ಹನ್ನೊಂದು.
ನಿಮಿಷವೋ, ಮೊಟ್ಟೆಯೋ.

"ಹನ್ನೊಂದು ಮೊಟ್ಟೆ ಯಾರು ತಗೊಳ್ತಾರೆ?"
ರಾತ್ರಿ ದೀಪ ಆರಿಸಿದ ಮೇಲೆ ಮಯ್ಯದ್ದಿ ಅಂದ.

ತೋಳಿನ ಕೆಳಗೆ ನಾಲ್ಕು ಹೊಲಿಗೆ ಹಾಕಿದೆ, ಬಿಲ್ಲಿಗೆ ಸೇರಿಸಲಿಲ್ಲ.
ಕಾರ್ಡು ಮತ್ತೆ ಅದೇ ಜೇಬಿಗೆ.
೪೧೭ ತನ್ನ ಸರಳಿಗೆ ಹೋಗಿದೆ,
ಅದರೊಳಗೂ ಒಂದು ಇಟ್ಟಿದ್ದೇನೆ,
ಯಜಮಾನ ಯಾವತ್ತಾದರೂ ಬಂದರೆ.